ಮೆಟಾಪೊಂಟೊದ ಹೊಲದ ನಡಿಗೆ: ನಾಲ್ಕು ಸ್ಟಾರ್

ದಕ್ಷಿಣ ಇಟಲಿಯ ಬಸಿಲಿಕಾಟಾ ಪ್ರಾಂತ್ಯದ ಮೆಟಾಪೊಂಟೊಗೆ ಬಂದವರು ಗ್ರೀಕರ ಹೇರಾ ದೇವಿಯ ಗುಡಿಯಲ್ಲಿ ಉಳಿದಿರುವ 15 ಕಂಬಗಳ ಮುಂದೆ ಫೋಟೊ ಹೊಡೆದುಕೊಂಡು ಸೀದಾ ಸಮುದ್ರಕ್ಕೆ ಹೋಗಿಬಿಡುತ್ತಾರೆ. ನಾನು ಬುಕ್ ಮಾಡಿದ್ದು ಸ್ಥಳೀಯ ಗೈಡ್ ಒಬ್ಬರ ಅರ್ಧ ದಿನದ ಹೊಲದ ನಡಿಗೆ, ಅಂದರೆ ಉತ್ತ ಹೊಲದಲ್ಲಿ ನಡೆಯುತ್ತ ಹಳೆಯ ಕಾಲದ ಕುರುಹು ಹುಡುಕುವುದು. ಜಮೀನು ಅಳೆದೇ ನಿವೃತ್ತನಾದವನಿಗೆ ಕಂಬಕ್ಕಿಂತ ಗಡಿಯ ಮೇಲೆಯೇ ಕಣ್ಣು.

ಕ್ರಿ.ಪೂ. 7ನೇ ಶತಮಾನದಲ್ಲಿ ಗ್ರೀಕರು ಇಲ್ಲಿ ನೆಲೆಯೂರಿದರು. ಬ್ರಾದಾನೊ, ಬಾಸೆಂಟೊ ನದಿಗಳ ನಡುವಿನ ಬಯಲನ್ನು ಆಮೇಲೆ ಉದ್ದುದ್ದ ಪಟ್ಟಿಗಳಾಗಿ ಸೀಳಿದರು, ಸುಮಾರು 200 ಮೀಟರಿಗೊಂದು ಗೆರೆಯಂತೆ. ವಿಮಾನದಿಂದ ತೆಗೆದ ಫೋಟೊಗಳಲ್ಲಿ ಅವು ಈಗಲೂ ಕಾಣುತ್ತವೆ. ಗೈಡ್ ಅಂಥದ್ದೊಂದು ಪ್ರತಿಯನ್ನು ಕೈಗಿತ್ತರು. ಆ ಗೆರೆಗಳು ದಾರಿಯೋ, ನೀರು ಬಸಿಯುವ ಕಾಲುವೆಯೋ ಅಂತ ಪಂಡಿತರು ವಾದ ಮಾಡಿದ್ದಾರಂತೆ. ಎರಡೂ ಆಗಿರಬಾರದೇಕೆ ಅಂತ ನಾನು ಕೇಳಿದೆ, ಅವರು ನಕ್ಕರು.

ಆಮೇಲೆ ನಡಿಗೆ. ಮಾಲೀಕರ ಒಪ್ಪಿಗೆ ಪಡೆದ, ಆಗಷ್ಟೇ ಉತ್ತ ಹೊಲದಲ್ಲಿ ಹತ್ತು ಮೀಟರ್ ಅಂತರ ಬಿಟ್ಟು ಸಾಲಾಗಿ ನಿಂತು, ತಲೆ ತಗ್ಗಿಸಿ ಹೆಜ್ಜೆ ಹಾಕಬೇಕು. ಅಗೆಯುವುದೇನೂ ಇಲ್ಲ, ಟ್ರ್ಯಾಕ್ಟರ್ ಮೇಲೆತ್ತಿದ್ದನ್ನು ನೋಡುವುದಷ್ಟೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡಗಳು ಹೀಗೇ ನಡೆದು ನೂರಾರು ತೋಟದ ಮನೆಗಳ ಜಾಗ ಗುರುತಿಸಿವೆ. ನನ್ನ ಕಾಲಬುಡದಲ್ಲಿ ಉಗುರಿನಷ್ಟು ಮಡಕೆ ಚೂರೊಂದು ಸಿಕ್ಕಿತು. ಒಂದು ಮೈ ಕನ್ನಡಿಯಂಥ ಕಪ್ಪು, ಮುರಿದ ಅಂಚು ಕೇಸರಿ. ಊಟದ ಬಟ್ಟಲಿನದ್ದು ಅಂದರು ಗೈಡ್. ಪಕ್ಕದಲ್ಲೇ ಹೆಂಚಿನ ತುಂಡು, ಧಾನ್ಯದ ಗುಡಾಣದ ದಪ್ಪ ಚೂರು. ಮೂರೂ ಒಂದೇ ಕಡೆ ಒತ್ತಾಗಿ ಬಿದ್ದಿದ್ದರೆ ಅಲ್ಲಿ ಸಂಸಾರವೊಂದು ಇತ್ತು ಅಂತ ಲೆಕ್ಕ. ನೋಡಿದ್ದನ್ನು ಇದ್ದಲ್ಲೇ ಇಡಬೇಕು, ಮಣ್ಣಲ್ಲಿ ಸಿಕ್ಕ ಪ್ರಾಚೀನ ವಸ್ತು ಇಟಲಿಯಲ್ಲಿ ಸರ್ಕಾರದ್ದು. ನಮ್ಮ ಗುಂಪಿನ ಒಬ್ಬ ಮಹಾಶಯ ಮೆಲ್ಲಗೆ ಜೇಬಿಗಿಳಿಸಿದ್ದನ್ನು ಗೈಡ್ ವಾಪಸ್ ಇಡಿಸಿದರು. ಅದಕ್ಕೇ ಅರ್ಧ ಸ್ಟಾರ್ ಕೊಡಬಹುದು.

ಒಂದು ಸ್ಟಾರ್ ಕಳೆದದ್ದು ಹತ್ತಿರದ ಇಂಕೊರೊನಾಟಾ ದಿಬ್ಬಕ್ಕಾಗಿ. ಗ್ರೀಕರಿಗಿಂತ ಮೊದಲೇ ಇಲ್ಲಿದ್ದ ಒಯಿನೋಟ್ರಿಯನ್ ಜನರ ನೆಲೆ ಅದು. ಅಲ್ಲಿನ ಗುಂಡಿಗಳಲ್ಲಿ ಅವರ ಹೊಳಪಿಲ್ಲದ ಬಣ್ಣದ ಮಡಕೆಯೂ ಗ್ರೀಕ್ ಮಡಕೆಯೂ ಜೊತೆಯಲ್ಲೇ ಸಿಕ್ಕಿವೆ. ಇಬ್ಬರೂ ಕೂಡಿ ಬಾಳಿದರೋ, ಬರೀ ವ್ಯಾಪಾರವೋ, ಕೊನೆಗೆ ಒಬ್ಬರು ಇನ್ನೊಬ್ಬರನ್ನು ಒಕ್ಕಲೆಬ್ಬಿಸಿದರೋ? ನನಗೆ ಬೇಕಿದ್ದ ವಿಷಯವೇ ಅದು. ನಮ್ಮ ಗೈಡ್ ವ್ಯಾನಿನ ಕಿಟಕಿಯಿಂದ ಬೆರಳು ತೋರಿಸಿ, 'ಸ್ಥಳೀಯರೂ ಇದ್ದರು' ಅಂತ ಮುಗಿಸಿಬಿಟ್ಟರು. ಇದೆಂಥ ನ್ಯಾಯ ಸ್ವಾಮಿ!

ಇಲ್ಲಿಯ ಮ್ಯೂಸಿಯಂ ಈ ನಡಿಗೆಯಲ್ಲಿ ಸೇರಿಲ್ಲ, ಮೊದಲೇ ನೋಡಿಕೊಂಡು ಹೋಗಿ. ಬಾರ್ಲಿ ತೆನೆ ಅಚ್ಚೊತ್ತಿದ ಇಲ್ಲಿಯ ನಾಣ್ಯ ನೋಡಿದ್ದರೆ ಹೊಲ ಬೇಗ ಅರ್ಥವಾಗುತ್ತದೆ. ಬುಕ್ ಮಾಡುವಾಗ ಉಳುಮೆ ಆಗಿದೆಯೇ ಅಂತ ಕೇಳಿ. ಪೈರು ಎದ್ದಮೇಲೆ ನೆಲವೇ ಕಾಣುವುದಿಲ್ಲ, ದುಡ್ಡು ದಂಡ. ಮಳೆಯ ಮರುದಿನ ಇನ್ನೂ ಒಳ್ಳೆಯದು, ಚೂರುಗಳು ತೊಳೆದಿಟ್ಟ ಹಾಗಿರುತ್ತವೆ. ಬೂಟು ಮಾತ್ರ ಹಳೆಯದಿರಲಿ.