ಚಂಡೆ ರಿಂಗ್‌ಟೋನು, ಆಡಾಸಿಟಿ ಮತ್ತು ಮೊಳೆಗೆ ನೇತು ಹಾಕಿದ ಕೇಬಲ್

ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. 2017ರಿಂದ ನನ್ನ ಫೋನಿನ ರಿಂಗ್‌ಟೋನುಗಳೆಲ್ಲ ಅಂಗಡಿ ಕಂಪ್ಯೂಟರಿನಲ್ಲೇ ತಯಾರಾಗುತ್ತಿವೆ. ಆಡಾಸಿಟಿ ಅನ್ನೋ, ಧ್ವನಿ ಕತ್ತರಿಸಿ ತಿದ್ದೋ ಪುಕ್ಕಟೆ ಸಾಫ್ಟ್‌ವೇರ್, ಒಂದು ಯುಎಸ್‌ಬಿ ಕೇಬಲ್, ಇಷ್ಟೇ ಸಾಮಾನು. ಆಡಾಸಿಟಿಯಲ್ಲಿ ಏನೇನಿದೆ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನು ಇದೊಂದೇ ಕೆಲಸಕ್ಕೆ ಬಳಸಿದವನು, ಹಾಗಾಗಿ ಅಷ್ಟನ್ನೇ ಹೇಳುತ್ತೇನೆ.

ಅಂಗಡಿಯಲ್ಲಿ ಇರೋರು ಮೂರು ಜನ. ಮೂವರದೂ ಒಂದೇ ಕಂಪನಿ ಫೋನು, ಒಂದೇ ಟೋನು. ನಾನು ಟೋನರ್ ಬದಲಿಸುತ್ತಾ ಮೊಣಕೈವರೆಗೂ ಕಪ್ಪಾಗಿರುವಾಗಲೇ ಅದು ಹೊಡೆದುಕೊಳ್ಳೋದು. ಕೈ ತೊಳೆದು ಓಡಿ ಬಂದು ನೋಡಿದರೆ ಫೋನು ಇನ್ಯಾರದೋ. ಒಂದು ದಿನ ಸಿಟ್ಟು ಬಂತು. ಅವತ್ತು ರಾತ್ರಿ ಶಟರ್ ಅರ್ಧ ಇಳಿಸಿ ಕೂತೆ.

ಆ ವರ್ಷ ನಮ್ಮೂರ ಪಕ್ಕದ ಬಯಲಾಟದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಚಂಡೆ, ಮದ್ದಳೆ ಇತ್ತು. ಅದನ್ನೇ ಕತ್ತರಿಸೋಣ ಅಂದುಕೊಂಡೆ. ಮೊದಲ ದಿನ ಎರಡು ತಾಸು ಹಿಡಿಯಿತು. ಫೋನಿನ ಎಂ4ಎ ಫೈಲ್ ತೆರೆಯೋಕೆ ಎಫ್‌ಎಫ್‌ಎಂಪೆಗ್ ಅಂತ ಒಂದು ಸಾಫ್ಟ್‌ವೇರ್ ಬೇರೆ ಹಾಕಬೇಕು. ಎಂಪಿ3 ಮಾಡೋಕೆ ಆಗ ಲೇಮ್ ಅಂತ ಇನ್ನೊಂದು. ಪೇಟೆಂಟ್ ಗಲಾಟೆಯಿಂದ ಅದನ್ನು ಒಳಗೇ ಸೇರಿಸಿರಲಿಲ್ಲ. 2019ರ ಆವೃತ್ತಿಯಿಂದ ಜೊತೆಗೇ ಬರುತ್ತದೆ, ಈಗ ಆ ತಲೆನೋವಿಲ್ಲ. ಕಷ್ಟಪಟ್ಟು ಕತ್ತರಿಸಿ, ಸೇವ್ ಕೊಟ್ಟು, ಫೋನಿಗೆ ಹಾಕಿದರೆ ಟೋನು ಕಾಣಿಸುತ್ತಲೇ ಇಲ್ಲ! ಸೇವ್ ಕೊಟ್ಟರೆ ಆಗೋದು ಆಡಾಸಿಟಿಯ ಸ್ವಂತ ಕಡತ ಮಾತ್ರ, ಫೋನಿಗೆ ಬೇಕಾದ್ದು ಎಕ್ಸ್‌ಪೋರ್ಟ್. ಹೊಸಬರೆಲ್ಲ ಒಂದು ಸಲ ಇಲ್ಲಿ ಎಡವುತ್ತಾರೆ. ನಾನು ಎರಡು ಸಲ ಎಡವಿದೆ.

ಆದರೆ ಕತ್ತರಿಸೋ ಕೆಲಸ ಇದೆಯಲ್ಲ, ಅದರ ರುಚಿ ಹತ್ತಿಬಿಟ್ಟಿತು. ಪರದೆ ಮೇಲೆ ಚಂಡೆಯ ಒಂದೊಂದು ಪೆಟ್ಟೂ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತದೆ. ಮದ್ದಳೆಯದು ದುಂಡಗೆ, ಗುಡ್ಡದ ಸಾಲಿನ ಹಾಗೆ. ಕಂಟ್ರೋಲ್ ಒಂದು ಒತ್ತುತ್ತಾ ಹೋದರೆ ಆ ಮೊಳೆ ಹಿಗ್ಗಿ ಹಿಗ್ಗಿ ಹಾವಿನಂಥ ಗೆರೆಯಾಗುತ್ತದೆ. ಪೆಟ್ಟು ಶುರುವಾಗೋ ಕೂದಲೆಳೆ ಜಾಗ ಹಿಡಿದು, ಜೆಡ್ ಒತ್ತಬೇಕು. ಗೆರೆ ನಡುಮಟ್ಟವನ್ನು ದಾಟೋ ಕಡೆಗೆ ಆಯ್ಕೆ ತಾನೇ ಸರಿಯುತ್ತದೆ. ಇಲ್ಲದಿದ್ದರೆ ಶುರುವಿನಲ್ಲಿ 'ಟಪ್' ಅಂತ ಒಂದು ಸದ್ದು ಉಳಿಯುತ್ತದೆ, ಯಾರಿಗೂ ಕೇಳಿಸದಿದ್ದರೂ ನನಗೆ ಕೇಳಿಸುತ್ತದೆ. ಆಮೇಲೆ ಸ್ಪೇಸ್ ಒತ್ತಿ ಕೇಳೋದು, ಚೂರು ಸರಿಸೋದು, ಮತ್ತೆ ಕೇಳೋದು. ಎಷ್ಟೋ ರಾತ್ರಿ ಟೀ ತಣ್ಣಗಾಗಿದೆ. ಹೆಂಡತಿ ಫೋನ್ ಮಾಡಿ "ಊಟಕ್ಕೆ ಬರ್ತೀರೋ, ಅಲ್ಲೇ ಮಲಗ್ತೀರೋ" ಅಂತ ಕೇಳಿದ್ದೂ ಇದೆ.

ಹೆಡ್‌ಫೋನಿನಲ್ಲಿ ಮದ್ದಳೆ ಎಷ್ಟು ಚೆನ್ನಾಗಿತ್ತು ಅಂದರೆ ಮೊದಲು ಅದನ್ನೇ ಟೋನು ಮಾಡಿದ್ದೆ. ಫೋನಿನಲ್ಲಿ ಕೇಳಿದರೆ ಮದ್ದಳೆಯೇ ಇಲ್ಲ, ಸುಮ್ನೆ ರಟ್ಟು ತಟ್ಟಿದ ಹಾಗೆ. ಉಗುರಿನಷ್ಟು ಸ್ಪೀಕರು, ಅದು ತಗ್ಗು ದನಿಗೆ ಬೇಕಾದಷ್ಟು ಗಾಳಿ ತಳ್ಳಲಾರದು. ಚಂಡೆ ಹಾಗಲ್ಲ, ಅದರ ದನಿಯೇ ಮೇಲಿನದು. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದನ್ನೂ ಸೀಳಿಕೊಂಡು ಬರುತ್ತದೆ. ಪಹಣಿ ಜೆರಾಕ್ಸಿಗೆ ಬಂದಿದ್ದ ಅಜ್ಜರೊಬ್ಬರು ಬೆಚ್ಚಿಬಿದ್ದು, "ಎಲ್ಲಿ ಮಾರಾಯ ಆಟ?" ಅಂತ ಬಾಗಿಲ ಕಡೆ ನೋಡಿದರು.

ಉದ್ದ ಜಾಸ್ತಿ ಬೇಡ. 2019ರ ನವೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಮೊಬೈಲ್ ರಿಂಗ್ ಆಗೋ ಹೊತ್ತನ್ನು 30 ಸೆಕೆಂಡ್ ಅಂತ ಗೊತ್ತು ಮಾಡಿದೆ, ಅದಕ್ಕಿಂತ ದೊಡ್ಡದು ಕತ್ತರಿಸಿ ಯಾರಿಗೆ ಕೇಳಿಸಬೇಕು? ನಾನು ಎಂಟು ಹತ್ತು ಸೆಕೆಂಡಿಗೇ ನಿಲ್ಲಿಸುತ್ತೇನೆ. ಅದು ಮುಗಿದು ಮತ್ತೆ ಮೊದಲಿಂದ ಸುತ್ತುತ್ತದೆ. ಎಂಪಿ3 ಆದರೆ ಹಾಗೆ ಸುತ್ತು ತಿರುಗುವಾಗ ನಡುವೆ ಒಂದು ಸಣ್ಣ ಖಾಲಿ ಜಾಗ ಬರುತ್ತದೆ, ತಾಳ ತಪ್ಪಿದ ಹಾಗೆ. ಆಗ್ (ಓಜಿಜಿ) ಫೈಲ್ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ ಅನ್ನೋ, ಫೈಲಿನ ವಿವರ ಬರೆಯೋ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಆಂಡ್ರಾಯ್ಡ್ ಅಂಡರ್‌ಸ್ಕೋರ್ ಲೂಪ್' (ANDROID_LOOP) ಅಂತ ಬರೆದು, ಎದುರಿಗೆ 'ಟ್ರೂ' (true) ಅಂತ ಸಣ್ಣಕ್ಷರದಲ್ಲಿ ಹಾಕಿ. ಸುತ್ತಿಗೆ ಸುತ್ತು ಕೂಡುತ್ತದೆ. ಇದು ಗೊತ್ತಾದ ದಿನ ನನಗೆ ಹಬ್ಬ.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಟೋನು. ಅಮ್ಮನಿಗೆ ಅವಳದೇ ದನಿ: "ಏ ಮಾಣಿ, ಎಲ್ಲಿದ್ಯೋ?" ಕೇಳಿ ಅವಳು "ನನ್ನ ದನಿ ಇಷ್ಟು ಒರಟಾ?" ಅಂದಳು. ಕಾಗದ ತರಿಸಿಕೊಡೋ ಏಜೆಂಟರಿಗೆ, ತಮಾಷೆಗೆ, ನಮ್ಮ ಮೆಷಿನ್ನಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಾಗ ಬರೋ ಬೀಪ್ ಹಾಕಿದೆ. ಅವರು ಫೋನ್ ಮಾಡಿದಾಗಲೆಲ್ಲ ನಾನು ಮೆಷಿನ್ ಬಾಗಿಲು ತೆಗೆದು ಕಾಗದ ಹುಡುಕುತ್ತಿದ್ದೆ. ಮೆಷಿನ್ ನಿಜವಾಗಿ ಕೂಗಿದಾಗ ಫೋನ್ ಎತ್ತಿ ಹಲೋ ಅಂದೆ. ಒಂದೇ ವಾರ, ತೆಗೆದುಬಿಟ್ಟೆ.

ಇಲ್ಲಿವರೆಗೆ ಎಲ್ಲ ಸರಿ. ನನ್ನ ದೂರೇನಿದ್ದರೂ ಫೋನಿನ ಮೇಲೆ. ಕೇಬಲ್ ಚುಚ್ಚಿದರೆ ಪ್ರತಿ ಸಲವೂ 'ಚಾರ್ಜಿಂಗ್ ಮಾತ್ರ'. ಮೇಲಿಂದ ಪಟ್ಟಿ ಎಳೆದು 'ಫೈಲ್ ಟ್ರಾನ್ಸ್‌ಫರ್' ಅಂತ ನಾನೇ ಬದಲಿಸಬೇಕು, ಅಷ್ಟರಲ್ಲಿ ಪರದೆ ಲಾಕ್. ಅಗ್ಗದ ಕೇಬಲ್ ಆದರೆ ಆ ಭಾಗ್ಯವೂ ಇಲ್ಲ, ಒಳಗೆ ಡೇಟಾ ತಂತಿಯೇ ಇರೋದಿಲ್ಲ. ಬಸ್‌ಸ್ಟ್ಯಾಂಡ್ ಎದುರು 60 ರೂಪಾಯಿಗೆ ತಂದ ಕೇಬಲ್ ಹಾಕಿಕೊಂಡು ಒಂದು ಸಂಜೆಯೆಲ್ಲ ಕಂಪ್ಯೂಟರನ್ನೇ ಬೈದಿದ್ದೇನೆ.

ನಿಜವಾಗಿ ಮನಸ್ಸು ಕೆಟ್ಟಿದ್ದು ಹೋದ ವರ್ಷ, ಫೋನ್ ಬದಲಿಸಿದಾಗ. ನಂಬರುಗಳೆಲ್ಲ ತಾವಾಗಿಯೇ ಬಂದವು. ಟೋನಿನ ಫೈಲುಗಳು ಕಂಪ್ಯೂಟರಿನಲ್ಲಿದ್ದವು, ರಿಂಗ್‌ಟೋನ್ಸ್ ಫೋಲ್ಡರಿಗೆ ಎರಡೇ ನಿಮಿಷದಲ್ಲಿ ಸುರಿದೆ. ಆದರೆ ಯಾರಿಗೆ ಯಾವ ಟೋನು ಅನ್ನೋ ಲೆಕ್ಕ ಹಳೆ ಫೋನಿನಲ್ಲೇ ಉಳಿದುಹೋಗಿತ್ತು. ನಂಬರಿನ ಜೊತೆ ಅದು ಬರೋದೇ ಇಲ್ಲವಂತೆ. 23 ಜನ. ಒಬ್ಬೊಬ್ಬರ ಹೆಸರು ತೆಗೆದು, ಮೂರು ಚುಕ್ಕೆ ಒತ್ತಿ, ಟೋನು ಹುಡುಕಿ ಕೂರಿಸಬೇಕು. ಏಳು ಜನಕ್ಕೆ ಮಾಡಿ ಕೈಬಿಟ್ಟೆ. ಉಳಿದವರಿಗೆಲ್ಲ ಈಗ ಚಂಡೆಯೇ.

ತಿಂಗಳು ತಿಂಗಳು ದುಡ್ಡು ಕಿತ್ತುಕೊಳ್ಳೋ ಕಾಲರ್ ಟ್ಯೂನಿನ ಹಾಗೆ ಇದಕ್ಕೆ ಖರ್ಚಿಲ್ಲ. ಅದು ಕೇಳಿಸೋದಾದರೂ ಫೋನ್ ಮಾಡಿದವರಿಗೆ, ನಮಗಲ್ಲ. ಅಂಗಡಿಯಲ್ಲಿ ಕಂಪ್ಯೂಟರ್ ಇದ್ದವರು, ರಾತ್ರಿ ಅರ್ಧ ತಾಸು ಪುರುಸೊತ್ತು ಇದ್ದವರು ಧಾರಾಳವಾಗಿ ಮಾಡಬಹುದು. ಅವಸರದವರಿಗೆ ಬೇಡ. ನಾನು ಈ ಎಂಟು ವರ್ಷದಲ್ಲಿ ಖರ್ಚು ಮಾಡಿದ್ದು ಆ 60 ರೂಪಾಯಿ, ಆಮೇಲೆ ಒಂದು ಒಳ್ಳೆ ಕೇಬಲಿಗೆ 350. ಒಳ್ಳೆಯದು ಕೌಂಟರಿನ ಹಿಂದೆ ಮೊಳೆಗೆ ನೇತಾಡುತ್ತಿರುತ್ತದೆ, 'ಡೇಟಾ ಕೇಬಲ್, ಚಾರ್ಜಿಗೆ ಒಯ್ಯಬೇಡಿ' ಅಂತ ಲ್ಯಾಮಿನೇಷನ್ ಮಾಡಿದ ಚೀಟಿ ಕಟ್ಟಿದ್ದೇನೆ. ಸದ್ಯಕ್ಕೆ ಮೊಳೆಯಲ್ಲಿ ಚೀಟಿ ಮಾತ್ರ ಇದೆ.