ಮನೆಯಲ್ಲೇ ಕಾರಿಗೆ ಪೇಂಟ್ ಮಾಡುವವರು ಮೊದಲು ಹೋಗಬೇಕಾದ ಬನ್ನಿಮಂಟಪದ ಅಂಗಡಿ

ಮೈಸೂರಲ್ಲಿ ಕಾರಿನ ಪೇಂಟ್ ಮಿಕ್ಸ್ ಮಾಡಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಗ್ಯಾರೇಜಿನವರಲ್ಲದ ನಮ್ಮಂಥವರು ಹೋಗಿ ಕಾಲು ಲೀಟರ್ ಕೇಳಿದರೆ ಮುಖ ಕೊಟ್ಟು ಮಾತಾಡುವವರು ಕಮ್ಮಿ. ಬನ್ನಿಮಂಟಪದ ಕಡೆಯ ಈ ಸಣ್ಣ ಅಂಗಡಿಯವರು ಹಾಗಲ್ಲ. ನಮ್ಮ ಹಳೇ ವ್ಯಾಗನಾರ್‌ನ ಹಿಂದಿನ ಡೋರಿಗೆ ನಾನೇ ಬಣ್ಣ ಹೊಡೆಯಲು ಹೊರಟಾಗ ಅರ್ಧ ಕೆಲಸ ಕಲಿಸಿದ್ದೇ ಇವರು.

ನಮ್ಮದು ಸಿಲ್ಕಿ ಸಿಲ್ವರ್, ಕಂಪನಿಯ ಬಣ್ಣದ ಕೋಡ್ ಝಡ್2ಎಸ್. "ಕೋಡ್ ಇರಲಿ ಸಾರ್, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಕೊಂಡು ಬನ್ನಿ" ಅಂದರು. ಸರಿಯಾದ ಮಾತು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನ ಬಣ್ಣ ಕಂಪನಿಯಿಂದ ಬಂದ ಹಾಗೇ ಇರುತ್ತಾ? ಮಿಕ್ಸ್ ಮಾಡಿದ ಮೇಲೆ ಒಂದು ತಗಡಿನ ತುಂಡಿಗೆ ಹೊಡೆದು, ಒಣಗಿಸಿ, ಮೇಲೆ ಕ್ಲಿಯರ್ (ಬಣ್ಣ ಕಾಪಾಡುವ, ಹೊಳಪು ಕೊಡುವ ಪಾರದರ್ಶಕ ಕೋಟ್) ಕೂಡ ಹೊಡೆದು, ಮುಚ್ಚಳದ ಪಕ್ಕ ಹಿಡಿದುಕೊಂಡು ಅಂಗಡಿಯಿಂದ ಆಚೆ ಬಿಸಿಲಿಗೆ ಬಂದರು. ನೇರ ನೋಡಿದರೆ ಎರಡೂ ಒಂದೇ. ಸ್ವಲ್ಪ ಓರೆ ಮಾಡಿದರೆ ಹೊಸದು ಕಪ್ಪು ಹೊಡೆಯುತ್ತಿತ್ತು. ಮತ್ತೆ ಒಳಗೆ ಹೋಗಿ, ನಾಲ್ಕು ಹನಿ ಹಾಕಿ ಕಲಸಿ, ಇನ್ನೊಂದು ತುಂಡಿಗೆ ಹೊಡೆದು ತೋರಿಸಿದರು. ಅಷ್ಟು ತಾಳ್ಮೆ ಯಾರಿಗಿದೆ ಹೇಳಿ.

ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಪುಡಿ ಇರುತ್ತದೆ, ಅದು ಹೇಗೆ ಕೂರುತ್ತದೋ ಹಾಗೆ ಬಣ್ಣ ಕಾಣುತ್ತದೆ. ಅದಕ್ಕೇ ಒಂದೇ ಸಲಕ್ಕೆ ದಪ್ಪಗೆ ಬಳಿಯಬೇಡಿ, ಗೇಣುದ್ದ ದೂರದಿಂದ ತೆಳುವಾಗಿ ಎರಡು ಮೂರು ಕೋಟ್ ಕೊಡಿ, ನಡುವೆ ಹತ್ತು ಹದಿನೈದು ನಿಮಿಷ ಬಿಡಿ ಅಂತ ಅವರೇ ಹೇಳಿಕೊಟ್ಟರು. ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರನ್ನು 800ರ ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ನೀರು ಹಾಕಿ ನುಣ್ಣಗೆ ಉಜ್ಜಬೇಕು, ಸಿಲ್ವರ್ ಹೊಡೆದ ಮೇಲೆ ಮಾತ್ರ ಅದನ್ನು ಉಜ್ಜಲೇಬಾರದು, ಸೀದಾ ಕ್ಲಿಯರ್. ಜಡಿಮಳೆ ಇರುವಾಗ ಕೆಲಸಕ್ಕೆ ಕೈ ಹಾಕಬೇಡಿ, ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೆಳ್ಳಗೆ ಮಂಕು ಕವಿಯುತ್ತದೆ.

ಪೇಂಟನ್ನು ಬೇಕಿದ್ದರೆ ಸ್ಪ್ರೇ ಕ್ಯಾನಿಗೇ ತುಂಬಿಸಿ ಕೊಡುತ್ತಾರೆ, ಕಂಪ್ರೆಸರ್ ಇಲ್ಲದವರಿಗೆ ಅದೇ ಅನುಕೂಲ. ರೇಟ್ ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೂ ಕೊಡಬಹುದು.

ಒಂದು ತಕರಾರು ಇದೆ, ಗಟ್ಟಿಯಾಗೇ ಹೇಳುತ್ತೇನೆ. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯುವ ಕ್ಲಿಯರ್ ಮಾರುತ್ತಾರೆ, ಅದಕ್ಕೆ ಟೂಕೆ ಅನ್ನುತ್ತಾರೆ, ಆದರೆ ಅದಕ್ಕೆ ತಕ್ಕ ಮಾಸ್ಕ್ ಇಟ್ಟಿಲ್ಲ. ಇರುವುದು ಬಟ್ಟೆಯದು. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಎದೆಗೆ ಹೋದರೆ ಅಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಎನ್95 ಕೂಡ ಅದರ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕನ್ನೇ ಬೇರೆ ಕಡೆಯಿಂದ ತಂದುಕೊಳ್ಳಿ, ಕನ್ನಡಕ ಮತ್ತು ಗ್ಲೌಸ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಮುಚ್ಚಿದ ಶೆಡ್ಡಲ್ಲಂತೂ ಬೇಡವೇ ಬೇಡ. ಇಷ್ಟೆಲ್ಲ ಹೇಳಿಕೊಡುವ ಅಂಗಡಿಯವರು ಇದನ್ನೂ ಹೇಳಬೇಕಿತ್ತು ಅಲ್ವಾ?

ನಮ್ಮ ಭಾವನ ಕಾರು ಪರ್ಲ್ ವೈಟ್. ಅವರನ್ನೂ ಕರೆದುಕೊಂಡು ಹೋಗಿದ್ದೆ. ಬಿಳಿ ಬೇಸ್, ಅದರ ಮೇಲೆ ಪರ್ಲ್, ಆಮೇಲೆ ಕ್ಲಿಯರ್, ಪರ್ಲ್ ಒಂದು ಕೋಟ್ ಹೆಚ್ಚುಕಮ್ಮಿ ಆದರೂ ಬಣ್ಣ ಬೇರೆ ಕಾಣುತ್ತದೆ, ಇದನ್ನು ಮನೆಯಲ್ಲಿ ಮಾಡಬೇಡಿ, ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಅಂದರೆ ಬೂತ್ ಇರುವ ಕಡೆ ಕೊಡಿ ಅಂತ ಹೇಳಿ ಅಂಗಡಿಯವರು ಏನೂ ಮಾರದೆ ವಾಪಸ್ ಕಳಿಸಿದರು.