ಡೋರೇಮಾನ್ ಜೊತೆ 13 ವರ್ಷ: ಮುಗಿಯದ ಕಾರ್ಟೂನ್ ನೋಡಿದ ಒಬ್ಬ ಅಮ್ಮನ ವಿಮರ್ಶೆ

ನಮ್ಮ ಮನೆಯಲ್ಲಿ ಡೋರೇಮಾನ್ ಶುರುವಾಗಿದ್ದು 2012ರಲ್ಲಿ. ಮಗಳಿಗೆ ಆಗ ಮೂರು ವರ್ಷ. ಈಗ ಅವಳು ಮೊದಲ ಪಿಯುಸಿ, ಮಗ ಮೂರನೇ ಕ್ಲಾಸು. ಟೀವಿಯಲ್ಲಿ ಮಾತ್ರ ಅದೇ ನೋಬಿತಾ, ಅದೇ ಸೊನ್ನೆ ಮಾರ್ಕ್ಸಿನ ಪೇಪರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಮನೆಯೊಳಗೆ ಬರುತ್ತಿದ್ದಾನೆ. ಈ 13 ವರ್ಷದಲ್ಲಿ ಮಿಕ್ಸಿ ಎರಡು ಸಲ ಬದಲಾಯಿತು, ಫ್ರಿಡ್ಜ್ ಒಂದು ಸಲ. ದಿನಾ ಬಳಸಿಯೂ ಬದಲಾಗದೆ ಉಳಿದದ್ದು ಈ ನೀಲಿ ಬೆಕ್ಕು ಒಂದೇ. ಅದು ಯಾರು, ಎಲ್ಲಿಂದ ಬಂತು, ಹೊಟ್ಟೆಯ ಜೇಬಿನಲ್ಲಿ ಏನೇನಿದೆ ಅನ್ನೋದೆಲ್ಲ ಮಕ್ಕಳಿರುವ ಮನೆಯವರಿಗೆ ಗೊತ್ತೇ ಇರುತ್ತದೆ, ಗೊತ್ತಿಲ್ಲದವರಿಗೆ ಇಷ್ಟೇ: ನೋಬಿತಾ ಅನ್ನುವ ಶಾಲಾ ಹುಡುಗನಿಗೆ ಸಹಾಯ ಮಾಡಲು ಭವಿಷ್ಯದಿಂದ ಬಂದ ರೋಬೋಟ್ ಬೆಕ್ಕು ಈ ಡೋರೇಮಾನ್. ಉಳಿದದ್ದನ್ನು ಬಿಟ್ಟುಬಿಡುತ್ತೇನೆ. ನಾನು ಹೇಳಬೇಕಿರುವುದು ಬೇರೆ.

ನಾಲ್ಕೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ. ಬ್ಯಾಗು ದಿವಾನದ ಮೇಲೆ, ಒಂದು ಸಾಕ್ಸ್ ಬಾಗಿಲಲ್ಲಿ, ಇನ್ನೊಂದು ಟೀವಿ ಸ್ಟ್ಯಾಂಡ್ ಹತ್ತಿರ. ಕೈಕಾಲು ತೊಳೆದು ಬರುವಷ್ಟರಲ್ಲಿ ನಾನು ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಹೆಚ್ಚಿದ ಈರುಳ್ಳಿ ಸೇರಿಸಿ ದೊಡ್ಡ ತಟ್ಟೆಗೆ ಸುರಿದಿರಬೇಕು. ದಾವಣಗೆರೆಯ ಮನೆ ಇದು, ಸಂಜೆಗೆ ಮಂಡಕ್ಕಿ ಬೇಕೇ ಬೇಕು. ನಮ್ಮ ರಿಮೋಟಿಗೆ ಹಿಂದಿನ ಮುಚ್ಚಳ ಇಲ್ಲ, ಸೆಲ್ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ. ಆ ರಬ್ಬರ್ ಬ್ಯಾಂಡ್ ಸರಿಮಾಡಿ ಚಾನೆಲ್ ಹಾಕುವ ಕೆಲಸ ಮೊದಲು ಮಗಳದಾಗಿತ್ತು, ಈಗ ಮಗನದು. ಶುರುವಿನ ಹಾಡು ಬರುವಾಗ ಯಾರೂ ಮಾತಾಡುವ ಹಾಗಿಲ್ಲ. ನಮ್ಮ ಅತ್ತೆ ಕೂಡ ಸೊಪ್ಪು ಸೋಸುತ್ತಾ ಪಕ್ಕದಲ್ಲಿ ಕೂರುತ್ತಾರೆ. ಅವರಿಗೆ ಹಿಂದಿ ಒಂದಕ್ಷರ ಬರೋದಿಲ್ಲ, ಆದರೂ ನೋಬಿತಾನನ್ನು ಕಾಡುವ ದಡೂತಿ ಹುಡುಗ ಜಿಯಾನ್ ಹೊಡೆಯಲು ಬಂದರೆ "ಅಯ್ಯೋ ಬಂದ ನೋಡು ದಡಿಯ" ಅಂತ ಮೊದಲು ಕೂಗುವವರು ಅವರೇ.

ಭಾನುವಾರ ಡೋರೇಮಾನ್‌ಗೆ ಬಲು ಇಷ್ಟವಾದ ತಿಂಡಿ ಡೋರಾಕೇಕ್ ಆಗಬೇಕು. ಜಪಾನಿನಲ್ಲಿ ಅದಕ್ಕೆ ಡೋರಾಯಾಕಿ ಅನ್ನುತ್ತಾರೆ, ಎರಡು ಸಣ್ಣ ದಪ್ಪ ದೋಸೆ, ನಡುವೆ ಕೆಂಪು ಕಾಳಿನ ಸಿಹಿ ಹೂರಣ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು, ಯಾಕೆಂದರೆ ಹೂರಣ ಮಾಡೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಧಿ ಹಿಟ್ಟು, ಬೆಲ್ಲದ ನೀರು, ಒಂದು ಕಳಿತ ಬಾಳೆಹಣ್ಣು, ಚಿಟಿಕೆ ಸೋಡಾ. ಹಂಚಿನ ಮೇಲೆ ಅಂಗೈ ಅಗಲ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ, ಎರಡರ ನಡುವೆ ಹೋಳಿಗೆಗೆ ಮಾಡುವ ಕಡಲೆಬೇಳೆ ಹೂರಣ ಸವರಿದರೆ ಆಯಿತು. ಏಲಕ್ಕಿ ಸ್ವಲ್ಪ ಜಾಸ್ತಿ ಇರಲಿ. ನಮ್ಮ ಮನೆಯ ಎಷ್ಟೋ ಜಗಳ ಈ ಡೋರಾಕೇಕಿನಿಂದ ಬಗೆಹರಿದಿದೆ, ಅಕ್ಕ ತನ್ನ ಪಾಲಿನ ಅರ್ಧ ತಮ್ಮನಿಗೆ ಕೊಟ್ಟಳು ಅಂದರೆ ರಾಜಿ ಆಯಿತು ಅಂತ ಅರ್ಥ.

ಇಷ್ಟು ಸಂತೋಷ ಕೊಟ್ಟದ್ದು ನಿಜ. ಈಗ ದೂರು.

ಸಣ್ಣದೊಂದನ್ನು ಮೊದಲು ಹೇಳುತ್ತೇನೆ. ಕಾರ್ಟೂನ್ ಬರೋದು ಹಿಂದಿಯಲ್ಲಿ, ಹಾಗಾಗಿ ಮಗಳು ಮೂರೂವರೆ ವರ್ಷಕ್ಕೇ ಹಿಂದಿ ಮಾತಾಡತೊಡಗಿದಳು, ಹಸಿವಾದರೂ ಹಿಂದಿ, ಹಠಕ್ಕೂ ಹಿಂದಿ. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಬಾಂಗ್ಲಾದೇಶದಲ್ಲಿ ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಕಲಿಯುತ್ತಿದ್ದಾರೆ ಅಂತ 2013ರಲ್ಲಿ ಸರ್ಕಾರವೇ ಹಿಂದಿ ಡೋರೇಮಾನ್ ನಿಲ್ಲಿಸಿತು. ನಾನು ಅಷ್ಟು ದೂರ ಹೋಗೋದಿಲ್ಲ, ನೋಬಿತಾ ಕನ್ನಡದಲ್ಲಿ ಅತ್ತಿದ್ದರೆ ನಮ್ಮ ಅತ್ತೆಗೂ ಪೂರ್ತಿ ಅರ್ಥವಾಗುತ್ತಿತ್ತು ಅನ್ನುವ ಆಸೆ ಅಷ್ಟೇ.

ದೊಡ್ಡ ದೂರು ಇದು: ಇದಕ್ಕೆ ಕೊನೆಯೇ ಇಲ್ಲ. ನಾವು ನೋಡುವ ಚಾನೆಲ್‌ನಲ್ಲಿ ಕಂತುಗಳಿಗೆ ಹಿಂದೆ ಮುಂದೆ ಅನ್ನೋದೂ ಇಲ್ಲ. ಸೋಮವಾರ ಹಾಕಿದ್ದನ್ನೇ ಗುರುವಾರ ಹಾಕುತ್ತಾರೆ, ಹೋದ ವರ್ಷದ್ದು, ಐದು ವರ್ಷದ ಹಿಂದಿನದು, ಎಲ್ಲ ಕಲಸಿ ದಿನಕ್ಕೆ ನಾಲ್ಕೈದು ಸಲ. ಮಗಳಿಗೆ ಏಳು ವರ್ಷ ಇದ್ದಾಗ ಒಂದು ಸಂಜೆ ಮಂಡಕ್ಕಿ ತಿನ್ನೋದು ನಿಲ್ಲಿಸಿ ಕೇಳಿದಳು, "ಅಮ್ಮ, ನೋಬಿತಾ ಮುಂದಿನ ಕ್ಲಾಸಿಗೆ ಯಾವಾಗ ಹೋಗ್ತಾನೆ? ನಾನಾಗಲೇ ಎರಡನೇ ಕ್ಲಾಸು." ಹೋಗ್ತಾನೆ ಪುಟ್ಟಿ ಅಂದೆ. ಅವನು ಹೋಗಲಿಲ್ಲ. ಅವಳು ಮೂರಾದಳು, ನಾಲ್ಕಾದಳು, ಒಂದು ವರ್ಷ ಇಬ್ಬರಿಗೂ ಹತ್ತು ವಯಸ್ಸು, ಆಮೇಲೆ ಅವಳೇ ದೊಡ್ಡವಳಾದಳು.

ಎಸ್ಸೆಸ್ಸೆಲ್ಸಿ ವರ್ಷ ಬಂತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ವರ್ಷ ಮೊದಲು ಮಾಡುವ ಕೆಲಸ ಕೇಬಲ್ ತೆಗೆಸೋದು. ನಾವೂ 2024ರ ಜೂನ್‌ನಲ್ಲಿ ತೆಗೆಸಿದೆವು, ತಿಂಗಳಿಗೆ 330 ರೂಪಾಯಿ ಉಳಿಯಿತು ಅಂತಲೂ ಅನ್ನಿಸಿತ್ತು. ಪರೀಕ್ಷೆ ಮುಗಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾಕಿಸಿದೆವು. ಅವತ್ತು ಮಗಳು ತಮ್ಮನ ಪಕ್ಕ ಬಂದು ಕೂತಳು. ಶುರುವಿನ ಹಾಡು ಕೇಳಿದಳು. ಐದು ನಿಮಿಷ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು, ಬೇಜಾರಿನಿಂದಲ್ಲ, ಸುಮ್ನೆ. ಹನ್ನೆರಡು ವರ್ಷ ದಿನಾ ನೋಡಿದ್ದು ಹಾಗೆ ಮುಗಿದುಹೋಯಿತು. ಅವಳು ಕೊನೆಯದಾಗಿ ಪೂರ್ತಿ ನೋಡಿದ ಕಂತು ಯಾವುದು ಅಂತ ಅವಳಿಗೂ ನೆನಪಿಲ್ಲ, ನನಗೂ ಇಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಮನೆಯವನಂತೆ ಇದ್ದವನು, ಹೋಗಿಬರುತ್ತೇನೆ ಅಂತ ಒಂದು ಮಾತು ಹೇಳಿಸಿಕೊಳ್ಳದೆ ಹೋದರೆ ಹೇಗೆ?

ಆಗ ನನಗೆ ಬಂದಿದ್ದು ಸಿಟ್ಟು. ಈ ವಿಮರ್ಶೆಯ ಮೊದಲ ಸಾಲುಗಳನ್ನು ಫೋನಿನಲ್ಲಿ ಬರೆದದ್ದೂ ಆ ಸಿಟ್ಟಿನಲ್ಲೇ, "ಇನ್ನು ನಿಲ್ಲಿಸಿ" ಅಂತ. ಈಗಿನ ಎಲ್ಲ ಕಾರ್ಟೂನುಗಳೂ ಹೀಗೇ ಅಲ್ವಾ. ಛೋಟಾ ಭೀಮ್ 2008ರಿಂದ ಲಡ್ಡು ತಿನ್ನುತ್ತಿದ್ದಾನೆ. ಶಿನ್‌ಚಾನ್ ಟೀವಿಗೆ ಬಂದಿದ್ದು 1992ರಲ್ಲಿ, ಅವನನ್ನು ಬರೆದ ಯೋಶಿತೋ ಉಸುಯಿ 2009ರಲ್ಲಿ ತೀರಿಕೊಂಡರು, ಅವನಿಗೆ ಇನ್ನೂ ಐದೇ ವರ್ಷ. ಪೋಕೆಮಾನ್‌ನವರು ಮಾತ್ರ ಒಂದು ಒಳ್ಳೆ ಕೆಲಸ ಮಾಡಿದರು. 1997ರಿಂದ ಹತ್ತು ವರ್ಷದವನಾಗಿಯೇ ಇದ್ದ ಆ್ಯಶ್‌ಗೆ 2022ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕೊಟ್ಟು, ಮಾರನೇ ವರ್ಷ ಅವನ ಕಥೆಗೆ ಸರಿಯಾಗಿ ಕೊನೆ ಹೇಳಿ, ಹೊಸ ಮಕ್ಕಳನ್ನು ಮುಂದೆ ತಂದರು. ಡೋರೇಮಾನ್‌ಗೆ ಯಾಕೆ ಹಾಗೆ ಮಾಡಬಾರದು ಅಂತ ನಾನು ಹುಡುಕುತ್ತಾ ಹೋದೆ.

ಹುಡುಕಿದಾಗ ಮೊದಲು ಸಿಗೋದು ಸುಳ್ಳು ಕೊನೆಗಳು. ನೋಬಿತಾ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ, ಇದೆಲ್ಲ ಅವನ ಕನಸು ಅನ್ನುವ ವಿಡಿಯೋ ನಿಮಗೂ ಬಂದಿರಬಹುದು. ನಂಬಬೇಡಿ, ಮಕ್ಕಳಿಗೆ ತೋರಿಸಲೇಬೇಡಿ. ಇನ್ನೊಂದು ಅಭಿಮಾನಿಗಳು ಕಟ್ಟಿದ್ದು: ಡೋರೇಮಾನ್ ಬ್ಯಾಟರಿ ಮುಗಿಯುತ್ತದೆ, ಬ್ಯಾಟರಿ ಬದಲಿಸಿದರೆ ಅವನ ನೆನಪೆಲ್ಲ ಅಳಿಸಿಹೋಗುತ್ತದೆ, ಅದಕ್ಕೆ ನೋಬಿತಾ ಚೆನ್ನಾಗಿ ಓದಿ ವಿಜ್ಞಾನಿಯಾಗಿ ಅವನನ್ನು ಮತ್ತೆ ಎಬ್ಬಿಸುತ್ತಾನೆ. ಜಪಾನಿನಲ್ಲಿ ಒಬ್ಬ ಅಭಿಮಾನಿ 2005ರಲ್ಲಿ ಇದನ್ನು ಕಾಮಿಕ್ಸ್ ಪುಸ್ತಕವಾಗಿ ಅಚ್ಚು ಹಾಕಿಸಿದರು, ಸುಮಾರು 13,000 ಪ್ರತಿ ಖರ್ಚಾಯಿತು, ಕೊನೆಗೆ ಹಕ್ಕುದಾರರಿಗೆ ಪರಿಹಾರ ಕಟ್ಟಬೇಕಾಯಿತು. ಓದಿದಾಗ ನನಗೆ ಅನ್ನಿಸಿದ್ದು, ಕೊನೆ ಬೇಕು ಅಂತ ಒದ್ದಾಡಿದವಳು ನಾನೊಬ್ಬಳೇ ಅಲ್ಲ.

ನಿಜವಾದ ಕೊನೆ ಬರೆಯಬೇಕಾದವರು ಡೋರೇಮಾನ್ ಸೃಷ್ಟಿಸಿದ ಫುಜಿಕೊ ಎಫ್. ಫುಜಿಯೊ. ಅವರ ನಿಜ ಹೆಸರು ಹಿರೋಶಿ ಫುಜಿಮೊಟೊ. 1996ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ಒಂದು ಡೋರೇಮಾನ್ ಕಥೆ ಅರ್ಧದಲ್ಲಿತ್ತು. ಅವರು ಬಿಟ್ಟುಹೋದ ಟಿಪ್ಪಣಿ ನೋಡಿಕೊಂಡು ಸಹಾಯಕರು ಅದನ್ನು ಮುಗಿಸಿದರು. ಇಡೀ ಡೋರೇಮಾನ್‌ಗೆ ಕೊನೆ ಬರೆಯದೇ ಹೋದರಲ್ಲ ಅಂತ ನಾನು ನೊಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು, ಅವರು ಬಹಳ ಮೊದಲೇ ಬರೆದಿದ್ದರು.

ಡೋರೇಮಾನ್ ಶುರುವಾಗಿದ್ದು ಟೀವಿಯಲ್ಲಿ ಅಲ್ಲ, ಮಕ್ಕಳ ಪತ್ರಿಕೆಗಳಲ್ಲಿ. ಶೋಗಾಕುಕಾನ್ ಅನ್ನುವ ಪ್ರಕಾಶನದವರು ಒಂದೊಂದು ಕ್ಲಾಸಿಗೆ ಒಂದೊಂದು ಮಾಸಪತ್ರಿಕೆ ತರುತ್ತಿದ್ದರು, ಒಂದನೇ ಕ್ಲಾಸಿನವರಿಗೇ ಒಂದು, ಎರಡನೆಯವರಿಗೇ ಒಂದು. ಪುಟ್ಟ ಮಕ್ಕಳ ಪತ್ರಿಕೆಗಳೂ ಸೇರಿ ಆರು ಪತ್ರಿಕೆಗಳ 1970ರ ಜನವರಿ ಸಂಚಿಕೆಯಲ್ಲಿ ಒಟ್ಟಿಗೆ ಡೋರೇಮಾನ್ ಬಂದ. ಪತ್ರಿಕೆ ಓದುವ ಮಗು ಪಾಸಾಗಿ ಮುಂದಿನ ಕ್ಲಾಸಿಗೆ ಹೋದರೆ ಪತ್ರಿಕೆಯೂ ಬದಲಾಗುತ್ತಿತ್ತು. 1974ರ ಮಾರ್ಚ್ ತಿಂಗಳ ಮೂರನೇ ಕ್ಲಾಸಿನ ಪತ್ರಿಕೆಯಲ್ಲಿ ಫುಜಿಮೊಟೊ ಬೀಳ್ಕೊಡುವ ಕಥೆ ಬರೆದರು. ಜಪಾನಿನಲ್ಲೂ ನಮ್ಮ ಹಾಗೇ ಶಾಲೆಯ ವರ್ಷ ಮುಗಿಯೋದು ಮಾರ್ಚ್‌ಗೆ.

ಆ ಕಥೆ ಹೀಗಿದೆ. ಡೋರೇಮಾನ್ ತಾನು ಬಂದ ಭವಿಷ್ಯಕ್ಕೆ ವಾಪಸ್ ಹೋಗಲೇಬೇಕು. ಹಿಂದಿನ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ, ಹೊರಗೆ ಅಡ್ಡಾಡಲು ಹೋಗುತ್ತಾರೆ. ಡೋರೇಮಾನ್ ಅಳು ಮರೆಸಲು ಆಚೆ ಹೋದಾಗ ನಿದ್ದೆಗಣ್ಣಲ್ಲಿ ಅಲೆಯುತ್ತಿದ್ದ ಜಿಯಾನ್ ಸಿಗುತ್ತಾನೆ, ಜಗಳ ತೆಗೆಯುತ್ತಾನೆ. ಪ್ರತಿ ದಿನ ಡೋರೇಮಾನ್ ಅಂತ ಕೂಗಿಕೊಂಡು ಓಡುವ ನೋಬಿತಾ ಅವತ್ತು ಕೂಗೋದಿಲ್ಲ. ತಾನೇ ಗೆಲ್ಲದಿದ್ದರೆ ಡೋರೇಮಾನ್ ನೆಮ್ಮದಿಯಿಂದ ಹೋಗಲಾರ ಅಂತ, ಹೊಡೆತ ತಿಂದು ಬಿದ್ದರೂ ಎದ್ದು ಮತ್ತೆ ಜಿಯಾನ್ ಕಾಲು ಹಿಡಿಯುತ್ತಾನೆ, ಕೊನೆಗೆ ಜಿಯಾನ್ ಸಾಕಾಗಿ ಸೋತೆ ಅನ್ನುತ್ತಾನೆ. ಡೋರೇಮಾನ್ ಅವನನ್ನು ಮನೆಗೆ ಕರೆತಂದು ಮಲಗಿಸಿ, ಬೆಳಗಿನವರೆಗೂ ಪಕ್ಕದಲ್ಲಿ ಕೂರುತ್ತಾನೆ. ಬೆಳಗಾದಾಗ ಕೋಣೆ ಖಾಲಿ.

ಇದನ್ನು ಓದಿದ ಮೂರನೇ ಕ್ಲಾಸಿನ ಮಕ್ಕಳು ಪಾಸಾಗಿ ನಾಲ್ಕನೇ ಕ್ಲಾಸಿನ ಪತ್ರಿಕೆ ತೆರೆದರೆ, ಏಪ್ರಿಲ್ ಸಂಚಿಕೆಯಲ್ಲಿ ಡೋರೇಮಾನ್ ವಾಪಸ್! ಏಪ್ರಿಲ್ ಫೂಲ್ ದಿನ ಜಿಯಾನ್ ಸುಳ್ಳು ಹೇಳಿ ನೋಬಿತಾನನ್ನು ಅಳಿಸುತ್ತಾನೆ, ಡೋರೇಮಾನ್ ಬಿಟ್ಟುಹೋದ ಡಬ್ಬಿಯಲ್ಲಿ ಒಂದು ಔಷಧಿ ಇರುತ್ತದೆ, ಅದನ್ನು ಕುಡಿದು ಏನು ಹೇಳಿದರೂ ಅದರ ಉಲ್ಟಾ ಆಗುತ್ತದೆ. ಇನ್ನು ಡೋರೇಮಾನ್ ಬರೋದೇ ಇಲ್ಲ ಅಂತ ದುಃಖದಲ್ಲಿ ಅಂದುಬಿಡುತ್ತಾನೆ ನೋಬಿತಾ.

ಎಷ್ಟು ಚೆಂದ ಯೋಚಿಸಿದ್ದಾರೆ ನೋಡಿ. ಹೋಗುವುದನ್ನೂ ತೋರಿಸಿದರು, ಬರುವುದನ್ನೂ ತೋರಿಸಿದರು. ಇಲ್ಲಿಗೆ ನನ್ನ ಸಿಟ್ಟು ಇಳಿಯಿತು. ಕಾರ್ಟೂನ್ ನಿಂತುಹೋಗಬೇಕು ಅನ್ನುವ ನನ್ನ ಹಠ ತಪ್ಪು. ಅದು ನಿಂತಿದ್ದರೆ ನನ್ನ ಮಗನ ಪಾಲಿಗೆ ಏನಿರುತ್ತಿತ್ತು? ಅಕ್ಕನಿಗೆ ಬೇಡವಾದ ದಿನವೇ ತಮ್ಮನಿಗೆ ಅದು ಹೊಸದು. ಆದರೆ ನೋಡಿ ಬೆಳೆದ ಮಗುವಿಗೆ ಈ ಬೀಳ್ಕೊಡುಗೆ ಸಿಗಲೇಬೇಕು. ಕಥೆ ಇದೆ, ಬರೆದವರೇ ಬರೆದಿಟ್ಟಿದ್ದಾರೆ, ಪ್ರತಿ ವರ್ಷ ಮಾರ್ಚ್ ಕೊನೆಗೆ ಚಾನೆಲ್‌ನವರು ಅದನ್ನು ಹಾಕಿದರೆ ಸಾಕು. ವಾಪಸ್ ಬರುವ ಕಥೆಯನ್ನು ನಮ್ಮ ಸ್ಕೂಲು ಶುರುವಾಗುವ ಜೂನ್‌ಗೆ ಹಾಕಲಿ. ದೊಡ್ಡವರಾದ ಮಕ್ಕಳು ಮಾರ್ಚ್‌ಗೆ ಎದ್ದು ಹೋಗುತ್ತಾರೆ, ಚಿಕ್ಕವರು ಜೂನ್‌ಗೆ ಬಂದು ಕೂರುತ್ತಾರೆ. 13 ವರ್ಷದಲ್ಲಿ ನಮ್ಮ ಚಾನೆಲ್‌ನಲ್ಲಿ ಒಂದು ಸಲವೂ ನನ್ನ ಕಣ್ಣಿಗೆ ಈ ಕಥೆ ಬೀಳಲಿಲ್ಲ, ನಾನು ಅಂಕ ಕಡಿಮೆ ಕೊಡುತ್ತಿರುವುದು ಇದಕ್ಕೇ. ಐದಕ್ಕೆ ಮೂರೂವರೆ. ಆ ಒಂದೂವರೆ ಕಳೆದದ್ದು ಚಾನೆಲ್‌ಗೆ, ಡೋರೇಮಾನ್‌ಗಲ್ಲ.

2014ರಲ್ಲಿ ಬಂದ ಸ್ಟ್ಯಾಂಡ್ ಬೈ ಮಿ ಡೋರೇಮಾನ್ ಸಿನಿಮಾದಲ್ಲಿ ಈ ಎರಡೂ ಕಥೆ ಇವೆ, ದೊಡ್ಡವನಾದ ನೋಬಿತಾ ತನ್ನ ಗೆಳತಿ ಶಿಜುಕಾಳನ್ನು ಮದುವೆಯಾಗುವ ಹಿಂದಿನ ದಿನವೂ ಇದೆ. ಮೇ ತಿಂಗಳ ಒಂದು ಮಧ್ಯಾಹ್ನ ಮಗ ಅಜ್ಜಿ ಜೊತೆ ಹರಿಹರಕ್ಕೆ ಹೋಗಿದ್ದಾಗ ನಾನು, ಮಗಳು ಇಬ್ಬರೇ ಕೂತು ನೋಡಿದೆವು. ನೋಬಿತಾ ಜಿಯಾನ್ ಕಾಲು ಬಿಡದೆ ಹಿಡಿದ ಹೊತ್ತಿಗೆ ಅವಳು ನನ್ನ ಸೆರಗು ಹಿಡಿದುಕೊಂಡಿದ್ದಳು, ಮೂರು ವರ್ಷದವಳಿದ್ದಾಗ ಹಿಡಿಯುತ್ತಿದ್ದ ಹಾಗೇ. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಫ್ರಿಡ್ಜಲ್ಲಿ ಹೂರಣ ಇದೆಯಾ ಅಂತ ಕೇಳಿದಳು.

ಮಗನಿಗೂ ತೋರಿಸೋಣ ಅಂದೆ. "ಈಗಲೇ ಬೇಡಮ್ಮ," ಅಂದಳು. "ಅವನು ಮೂರನೇ ಕ್ಲಾಸ್ ಮುಗಿಸಲಿ. ಮಾರ್ಚ್‌ನಲ್ಲಿ ಅರ್ಧ ತೋರಿಸು, ವಾಪಸ್ ಬರೋದನ್ನ ಜೂನ್‌ಗೆ ಇಟ್ಕೋ." ಮಾರ್ಚಿಂದ ಜೂನ್‌ವರೆಗೂ ಮಗು ಅಳುತ್ತಾನಲ್ಲೇ ಅಂದೆ. ಅಷ್ಟು ದಿನ ತಾನು ಪಕ್ಕದಲ್ಲಿ ಕೂರುತ್ತೇನೆ ಅಂದಳು.